ಲಕ್ಕಮ್ಮ ತಾಯಿಯ ಅಳತೆ



ಶ್ರಾವಣ ಮಾಸದ ಪ್ರವಚನಕ್ಕೆಂದು ನಾವು ಜಮಖಂಡಿ ತಾಲೂಕಿನ ಹುನ್ನೂರಿಗೆ ಹೋಗಿದ್ದೆವು. ಒಂದು ಸಂಜೆ ಪ್ರವಚನ ಮುಗಿದು, ಮಂಗಳಾರತಿಯಾಗಿ, ಭಕ್ತರು ಪ್ರಸಾದಕ್ಕೆ ಕುಳಿತಿದ್ದರು. ಗೋಧಿ ಹುಗ್ಗಿ, ಬದನೆಕಾಯಿ ಪಲ್ಯ, ಅನ್ನ, ಸಾರು. ಬಡಿಸುವ ಹುಡುಗರು ಹುಗ್ಗಿಯ ಬಕೀಟು ಹಿಡಿದು ಮೂರನೆಯ ಸಾರಿ ಪಂಕ್ತಿಗೆ ಬಂದಾಗ, ಎಪ್ಪತ್ತರ ಸಮೀಪದ ಒಬ್ಬ ಹಿರಿಯರು ಎಲೆಯನ್ನು ಮುಂದಕ್ಕೆ ಸರಿಸಿದರು. ಕೂಡಲೆ ಹೆಣ್ಣುಮಕ್ಕಳ ಪಂಕ್ತಿಯಿಂದ ಅವರ ಮನೆಯವರು ಎದ್ದು ನಿಂತು, "ಹಾಕಬ್ಯಾಡೋ ತಮ್ಮಾ, ಅವರಿಗೆ ಸಕ್ಕರಿ ಬ್ಯಾನಿ ಐತಿ" ಎಂದು ಕೂಗಿದರು. ಪಂಕ್ತಿಯೆಲ್ಲ ತಿರುಗಿ ನೋಡಿತು. ಹಿರಿಯರ ಮುಖ ಸಣ್ಣದಾಯಿತು. ನಾವು ಸಮಾಧಾನ ಮಾಡಲು ಹೋಗಿ, "ಇರಲಿ ಬಿಡವ್ವಾ, ಪ್ರಸಾದ ಐತಿ. ಒಂದ ಸೌಟಿನಿಂದ ಏನಾಗತೈತಿ" ಎಂದುಬಿಟ್ಟೆವು. ಹುಡುಗ ಬಡಿಸಿಯೂ ಬಿಟ್ಟ.

ಮರುದಿನ ಬೆಳಿಗ್ಗೆ ದಂಪತಿಗಳಿಬ್ಬರೂ ದರ್ಶನಕ್ಕೆ ಬಂದರು. ತಾಯಿ ನಮಸ್ಕಾರ ಮಾಡಿ ಎದ್ದು ಹೇಳಿದರು: "ಅಜ್ಜಾರ, ತಪ್ಪ ತಿಳೀಬ್ಯಾಡ್ರಿ. ಮನ್ಯಾಗ ಬೆಲ್ಲದ ಡಬ್ಬಿಗೆ ಕೀಲಿ ಹಾಕೇನ್ರಿ. ಮಠದ ಬಕೀಟಿಗೆ ಹ್ಯಾಂಗ ಕೀಲಿ ಹಾಕ್ಲಿ? ನಿನ್ನಿ ರಾತ್ರಿ ನೋಡಿದ್ರ ಮುನ್ನೂರಾ ಎಪ್ಪತ್ತ ಇತ್ರಿ." ಮಗ ತಂದುಕೊಟ್ಟ ಯಂತ್ರದಲ್ಲಿ ಬೆರಳಿನ ರಕ್ತ ಹಾಕಿ ನೋಡಿದ್ದರಂತೆ. ಯಜಮಾನರು ಬಾಗಿಲ ಕಡೆ ನೋಡುತ್ತ, "ಪ್ರಸಾದಕ್ಕ ಬ್ಯಾಡ ಅಂದ್ರ ಪಾಪ ಬರೂದಿಲ್ಲೇನ್ರಿ ಅಜ್ಜಾರ?" ಎಂದರು. ಆ ಹೊತ್ತಿಗೆ ನಮ್ಮಲ್ಲಿ ಸರಿಯಾದ ಉತ್ತರವಿರಲಿಲ್ಲ. ತಪ್ಪು ನಮ್ಮದೂ ಇತ್ತು. ಈ ವಾರದ ಅಂಕಣ ಆ ತಾಯಿಗೆ ನಾವು ಕೊಡಬೇಕಾಗಿದ್ದ ಉತ್ತರ.

ನಾವು ಹುಡುಗರಾಗಿದ್ದಾಗ ಈ ರೋಗಕ್ಕೆ ಶ್ರೀಮಂತರ ಬ್ಯಾನಿ ಎನ್ನುತ್ತಿದ್ದರು. ರೋಗ ಹೊಸದೇನಲ್ಲ. ಚರಕ ಸುಶ್ರುತರು ಮಧುಮೇಹವೆಂದು ಹೆಸರಿಟ್ಟು ಲಕ್ಷಣ ಬರೆದಿಟ್ಟಿದ್ದಾರೆ. ಆದರೆ ಜೋಳದ ರೊಟ್ಟಿ, ಪುಂಡಿಪಲ್ಯ, ಮಡಕಿಕಾಳು ತಿಂದು ದಿನವಿಡೀ ಹೊಲದಲ್ಲಿ ಬಗ್ಗಿ ದುಡಿಯುವವರ ಮನೆಗೆ ಅದು ಬರುತ್ತದೆಂದು ಯಾರೂ ಎಣಿಸಿರಲಿಲ್ಲ. ಮುಂದೆ ಕಾಲ ಬದಲಾಯಿತು. 1989ರಲ್ಲಿ ಚಿಕ್ಕಪಡಸಲಗಿಯ ಹತ್ತಿರ ಕೃಷ್ಣಾ ನದಿಗೆ ಈ ಭಾಗದ ರೈತರು ತಮ್ಮ ದುಡ್ಡು, ತಮ್ಮ ರಟ್ಟೆ ಹಾಕಿ ಶ್ರಮಬಿಂದು ಸಾಗರ ಕಟ್ಟಿದರು. ಅದು ನಾಡೇ ಕೊಂಡಾಡಿದ ಕಾಯಕ. ನೀರು ಬಂತು, ಕಬ್ಬು ಬಂತು. ಮಹಾಲಿಂಗಪುರದ ಬೆಲ್ಲದ ಪೇಟೆ, ಸಮೀರವಾಡಿಯ ಸಕ್ಕರೆ ಕಾರಖಾನೆ ನಿಮಗೆ ನಾವು ಹೇಳಿಕೊಡಬೇಕಾಗಿಲ್ಲ. ಕಬ್ಬು ನಮ್ಮ ಮಕ್ಕಳನ್ನು ಓದಿಸಿದೆ, ಸಾಲ ತೀರಿಸಿದೆ, ಅದನ್ನು ನಾವು ದೂರುವುದಿಲ್ಲ. ಆದರೆ ಎತ್ತಿನ ಜಾಗಕ್ಕೆ ಟ್ರ್ಯಾಕ್ಟರ್ ಬಂದು ಮೈ ಕುಳಿತುಕೊಂಡಿತು, ಹೊಟ್ಟೆ ಮಾತ್ರ ಹಳೆಯ ಲೆಕ್ಕದಲ್ಲಿಯೇ ಉಳಿಯಿತು. ದಿನಕ್ಕೆ ಎರಡು ಹೊತ್ತು ಇದ್ದ ಚಹಾ ಆರು ಹೊತ್ತಾಯಿತು. ರಬಕವಿ ಬನಹಟ್ಟಿಯ ನೇಕಾರ ಬಂಧುಗಳದ್ದೂ ಇದೇ ಕಥೆ, ಅವರದು ಮೊದಲೇ ಕುಳಿತು ಮಾಡುವ ಕಾಯಕ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆ 2023ರಲ್ಲಿ ಪ್ರಕಟವಾದಾಗ ದೇಶದಲ್ಲಿ ಹತ್ತು ಕೋಟಿಗೂ ಹೆಚ್ಚು ಜನ ಈ ರೋಗದವರೆಂದು ಅಂದಾಜು ಕೊಟ್ಟಿತು. ರೋಗದ ಹೊಸ್ತಿಲಲ್ಲಿ ನಿಂತವರು ಹದಿಮೂರು ಕೋಟಿಗೂ ಹೆಚ್ಚು.

ಇನ್ನು ಆಯ್ದಕ್ಕಿ ಲಕ್ಕಮ್ಮನ ಮಾತು. ರಾಯಚೂರು ಜಿಲ್ಲೆ ಲಿಂಗಸುಗೂರು ತಾಲೂಕಿನ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ದಂಪತಿಗಳು ಮಾರಯ್ಯ ಮತ್ತು ಲಕ್ಕಮ್ಮ. ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ಮಾಡುವುದು ಅವರ ಕಾಯಕ. ಒಂದು ದಿನ ಮಾರಯ್ಯ ಅನುಭಾವದ ಮಾತಿನಲ್ಲಿ ಕುಳಿತು ಕಾಯಕದ ವೇಳೆಯನ್ನೇ ಮರೆತ. ಲಕ್ಕಮ್ಮ ನೆನಪು ಮಾಡಿದಳು. ಅವನು ಗಡಿಬಿಡಿಯಿಂದ ಹೋಗಿ ದಿನಕ್ಕಿಂತ ಹೆಚ್ಚು ಅಕ್ಕಿ ತಂದ. ಆಕೆ ಅದನ್ನು ಕಂಡು, ಇದು ನಮ್ಮ ಅಗತ್ಯಕ್ಕೆ ಮೀರಿದ್ದು, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬನ್ನಿರೆಂದು ಗಂಡನನ್ನು ಹಿಂದಕ್ಕೆ ಕಳಿಸಿದಳು. ಮಾರಯ್ಯ ಸಿಟ್ಟಾಗಲಿಲ್ಲ, ಹೋಗಿ ಸುರಿದು ಬಂದ.

ಈ ಕಥೆಯನ್ನು ನಾವು ನೂರು ವೇದಿಕೆಗಳಲ್ಲಿ ಹೇಳಿದ್ದೇವೆ, ದುರಾಸೆ ಬೇಡವೆಂಬುದಕ್ಕೆ ಹೇಳಿದ್ದೇವೆ. ಹುನ್ನೂರಿನ ಆ ತಾಯಿ ಬಂದು ಹೋದ ಮೇಲೆ ಅದರಲ್ಲಿ ಇನ್ನೊಂದು ಸಂಗತಿ ಕಂಡಿತು. ಲಕ್ಕಮ್ಮ ಮಾಡಿದ್ದು ಎರಡೇ ಕೆಲಸ. ವೇಳೆಯನ್ನು ನೆನಪು ಮಾಡಿದಳು, ಅಳತೆಯನ್ನು ಕಾಯ್ದಳು. ಸಕ್ಕರೆ ಬ್ಯಾನಿಯ ಮನೆಯಲ್ಲಿ ಸತಿಗೆ ಪತಿ, ಪತಿಗೆ ಸತಿ ಮಾಡಬೇಕಾದದ್ದು ಈ ಎರಡೇ. ಅಷ್ಟೇ ಮುಖ್ಯವಾದದ್ದು ಮತ್ತೊಂದಿದೆ. ಆಕೆ ಹೇಳಿದ್ದು ಮನೆಯೊಳಗೆ, ಇಬ್ಬರೇ ಇದ್ದಾಗ. ಕಲ್ಯಾಣದ ಪಂಕ್ತಿಯಲ್ಲಿ ಎದ್ದು ನಿಂತು ಕೂಗಲಿಲ್ಲ. ಆ ಅಳತೆ ಗಂಡನೊಬ್ಬನಿಗೇ ಇರಲಿಲ್ಲ, ಅದೇ ಅಕ್ಕಿಯಲ್ಲಿ ಆಕೆಯೂ ಉಣ್ಣುತ್ತಿದ್ದಳು.

ಬೆಲ್ಲದ ಡಬ್ಬಿಗೆ ಕೀಲಿ ಹಾಕಿದ ತಾಯಿಗೆ ನಾವು ಕೇಳಿದೆವು, "ಕೀಲಿ ಎಲ್ಲಿಡ್ತಿ ಅವ್ವಾ?" ಸೆರಗಿನ ಗಂಟು ತೋರಿಸಿದರು. "ನಿಮ್ಮ ಚಹಾಕ್ಕ?" ಆಕೆ ನಕ್ಕುಬಿಟ್ಟರು. ತಮಗೆ ಬೆಲ್ಲದ ಚಹಾ, ಗಂಡನಿಗೆ ಸಪ್ಪನ್ನ ಚಹಾ. ಮೊಮ್ಮಕ್ಕಳಿಗೆ ಶೇಂಗಾ ಹೋಳಿಗೆ, ಗಂಡನಿಗೆ ಬರಿ ವಾಸನೆ. ಯಜಮಾನರು ಆಗ ಬಾಯಿ ಬಿಟ್ಟರು: "ಅದಕ್ಕ ನೋಡ್ರಿ ಅಜ್ಜಾರ, ಗಾಣದ ಮನೀಗೆ ಹೋಗಿ ಬಿಸಿ ಬೆಲ್ಲ ತಿಂದ ಬರ್ತೇನಿ." ಕಾವಲಿಟ್ಟ ಮನೆಯಲ್ಲಿ ಕಳ್ಳತನವೂ ಇರುತ್ತದೆ. ಡಬ್ಬಿಯನ್ನೇ ಸಣ್ಣದು ಮಾಡಿ, ಇಬ್ಬರೂ ಸಪ್ಪನ್ನ ಚಹಾಕ್ಕೆ ರೂಢಿಯಾದರೆ ಕೀಲಿಯ ಕೆಲಸವೇ ಇಲ್ಲ.

ಇಲ್ಲಿ ನಮ್ಮ ಭಾಗದ ಎರಡು ನಂಬಿಕೆಗಳನ್ನು ಹೇಳಿ ಮುಂದೆ ಹೋಗಬೇಕು. ಸಕ್ಕರೆ ಕೆಟ್ಟದ್ದು, ಬೆಲ್ಲ ನಡೆಯುತ್ತದೆ ಎನ್ನುವವರು ಬಹಳ. ಬೆಲ್ಲವೂ ಕಬ್ಬಿನ ಸಕ್ಕರೆಯೇ, ಜೇನೂ ಸಿಹಿಯೇ, ರಕ್ತಕ್ಕೆ ಹೋದ ಮೇಲೆ ಲೆಕ್ಕ ಒಂದೇ. ಜೋಳದ ರೊಟ್ಟಿಗೆ ಎಣಿಕೆಯಿಲ್ಲ ಎನ್ನುವವರು ಇನ್ನೂ ಬಹಳ. ಬಿಳಿ ಅನ್ನಕ್ಕಿಂತ ಜೋಳ ಒಳ್ಳೆಯದು, ನಾರು ಇದೆ. ಆದರೆ ಎರಡು ರೊಟ್ಟಿಗೂ ಐದು ರೊಟ್ಟಿಗೂ ವ್ಯತ್ಯಾಸವಿದೆ. ರೊಟ್ಟಿ ಎರಡಕ್ಕೆ ನಿಲ್ಲಲಿ, ಪಲ್ಯ, ಮೊಳಕೆ ಕಾಳು, ಮೆಂತ್ಯಸೊಪ್ಪು, ಸೌತೆಕಾಯಿ ಹೆಚ್ಚಲಿ. ಎಷ್ಟು ಎಂಬುದನ್ನು ವೈದ್ಯರು ಅವರವರ ಮೈ ನೋಡಿ ಹೇಳುತ್ತಾರೆ. ಊಟವಾದ ಮೇಲೆ ಜೋಡಿಯಾಗಿ ಗುಡಿಯ ತನಕ ನಡೆದು ಬಂದರೆ ಸಕ್ಕರೆ ಹತೋಟಿಗೆ ಸಹಾಯವಾಗುತ್ತದೆ. ಗಂಡ ಹೆಂಡತಿ ಕೂಡಿ ಹೊರಟರೆ ಊರವರು ನಕ್ಕಾರೆಂಬ ಸಂಕೋಚ ಬೇಡ. ನಗಲಿ.

ಆ ದಿನ ನಾವು ಆ ತಾಯಿಗೆ ಇನ್ನೊಂದು ಪ್ರಶ್ನೆ ಕೇಳಿದೆವು: "ಅವ್ವಾ, ನಿನ್ನ ರಕ್ತ ಯಾವಾಗ ನೋಡಿಸೀದಿ?" ಆಕೆಗೆ ಪ್ರಶ್ನೆಯೇ ವಿಚಿತ್ರವೆನಿಸಿತು. "ನನಗೇನಾಗೇತ್ರಿ ಅಜ್ಜಾರ? ಬ್ಯಾನಿ ಅವರಿಗಲ್ರಿ." ಗಂಡನ ಬೆರಳಿಗೆ ದಿನಾ ಸೂಜಿ ಚುಚ್ಚಿ ನೋಡುವ ಕೈ ತನ್ನ ಬೆರಳಿಗೆ ಒಂದು ಸಾರಿಯೂ ಚುಚ್ಚಿಕೊಂಡಿರಲಿಲ್ಲ. ಅವರು ಉಣ್ಣುವುದು ಎಲ್ಲರದಾದ ಮೇಲೆ. ಗಂಡ ಬಿಟ್ಟ ಹೋಳಿಗೆ, ಮಕ್ಕಳು ಬಿಟ್ಟ ಅನ್ನ, ತಳದ ಹುಗ್ಗಿ, ಚೆಲ್ಲಿದರೆ ಪಾಪವೆಂದು ಎಲ್ಲವೂ ಅವರ ಹೊಟ್ಟೆಗೆ. ರಾತ್ರಿ ಎರಡು ಮೂರು ಸಾರಿ ಏಳುತ್ತಾರೆ, ಬಾಯಿ ಒಣಗುತ್ತದೆ, ದಣಿವು. ವಯಸ್ಸಾಯಿತೆಂದು ಸುಮ್ಮನಿದ್ದರು. ನಮ್ಮ ಮಾತಿಗೆ ಒಪ್ಪಿ ಆ ವಾರವೇ ಆಶಾ ಕಾರ್ಯಕರ್ತೆಯ ಜೊತೆ ಸರಕಾರಿ ದವಾಖಾನೆಗೆ ಹೋದರು. ಬರಿ ಹೊಟ್ಟೆಯಲ್ಲಿ 126ರ ಮೇಲಿದ್ದರೆ ಮತ್ತೊಮ್ಮೆ ನೋಡಿ ರೋಗವೆಂದು ಹೇಳುತ್ತಾರೆ. ಈ ತಾಯಿಯದು ಗಂಡನಿಗಿಂತ ಹೆಚ್ಚಿತ್ತು.

ಇದು ಆ ಮನೆಯೊಂದರ ಕಥೆಯಲ್ಲ. ಕೆನಡಾ ದೇಶದ ಮೆಕ್‌ಗಿಲ್ ವಿಶ್ವವಿದ್ಯಾಲಯದವರು ಹಲವು ದೇಶಗಳ ಅಧ್ಯಯನಗಳನ್ನು ಕೂಡಿಸಿ 2014ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ, ಸತಿಪತಿಗಳಲ್ಲಿ ಒಬ್ಬರಿಗೆ ಸಕ್ಕರೆ ರೋಗವಿದ್ದರೆ ಇನ್ನೊಬ್ಬರಿಗೆ ಬರುವ ಸಂಭವ ಶೇ. 26ರಷ್ಟು ಹೆಚ್ಚು. ಗಂಡ ಹೆಂಡತಿಗೆ ರಕ್ತಸಂಬಂಧವಿಲ್ಲ. ಇರುವುದು ಒಂದೇ ಒಲೆ, ಒಂದೇ ಗಂಗಾಳ, ಒಂದೇ ರೂಢಿ. ಆದ್ದರಿಂದ ಮನೆಯಲ್ಲಿ ಒಬ್ಬರಿಗೆ ರೋಗವೆಂದು ತಿಳಿದ ದಿನವೇ ಇನ್ನೊಬ್ಬರೂ ರಕ್ತ ಕೊಟ್ಟು ಬರಬೇಕು. ಗಂಡಸರು ತಮ್ಮ ಗುಳಿಗೆ ತರಲು ಜಮಖಂಡಿಗೆ ಹೋಗುತ್ತಾರೆ, ಬಾಗಲಕೋಟೆಯ ದೊಡ್ಡ ಆಸ್ಪತ್ರೆಗೂ ಹೋಗುತ್ತಾರೆ. ಹೆಂಡತಿಯನ್ನು ಕರೆದುಕೊಂಡು ಹೋಗುವುದು ಆಕೆ ಹಾಸಿಗೆ ಹಿಡಿದ ಮೇಲೆ. ಇದನ್ನು ನಾವು ಎಷ್ಟೋ ಮನೆಗಳಲ್ಲಿ ಕಂಡಿದ್ದೇವೆ, ಕಟುವಾಗಿಯೇ ಹೇಳುತ್ತೇವೆ.

ಎರಡು ತಿಂಗಳು ಕಳೆದ ಮೇಲೆ ಆ ತಾಯಿ ಒಬ್ಬರೇ ಮಠಕ್ಕೆ ಬಂದರು. ಮುಖದಲ್ಲಿ ಭಯ. "ಅಜ್ಜಾರ, ಅವರು ದಿನಾ ರಾತ್ರಿ ಬ್ಯಾಟ್ರಿ ಹಚ್ಚಿ ನನ್ನ ಕಾಲ ಹಿಡದ ನೋಡ್ತಾರ್ರಿ. ಗಂಡನ ಕೈಲೆ ಕಾಲ ಮುಟ್ಟಿಸಿಕೊಂಡ್ರ ನನಗ ಎಂಥಾ ಪಾಪ ಬರತೈತ್ರಿ?" ವಿಷಯವೇನೆಂದರೆ, ದವಾಖಾನೆಯ ನರ್ಸಮ್ಮ ಯಜಮಾನರಿಗೆ ಹೇಳಿಕೊಟ್ಟಿದ್ದರು. ಈ ರೋಗದಲ್ಲಿ ವರ್ಷಗಳು ಕಳೆದಂತೆ ಕಾಲಿನ ನರಗಳಿಗೆ ಸ್ಪರ್ಶಜ್ಞಾನ ಕಡಿಮೆಯಾಗುತ್ತದೆ. ಮುಳ್ಳು ಚುಚ್ಚಿದರೂ ತಿಳಿಯದು, ಗಾಯವಾದರೂ ನೋಯದು. ನೋಯದ ಗಾಯ ಕೊಳೆತು ಕಾಲನ್ನೇ ತೆಗೆಯುವ ಪ್ರಸಂಗ ಬರುತ್ತದೆ. ವಯಸ್ಸಾದವರಿಗೆ ಬಗ್ಗಿ ತಮ್ಮ ಅಂಗಾಲು ನೋಡಿಕೊಳ್ಳಲು ಆಗುವುದಿಲ್ಲ, ಕಣ್ಣೂ ಮಂಜು. ಇನ್ನೊಬ್ಬರು ನೋಡಬೇಕು, ದಿನಾ ನೋಡಬೇಕು, ಬೆರಳುಗಳ ಸಂದಿಯಲ್ಲಿ ನೋಡಬೇಕು. ಯಜಮಾನರು ನೋಡುತ್ತಿದ್ದರು. ನೋಡಿದ್ದರಿಂದಲೇ ಕಾಲುಂಗುರದ ಕೆಳಗೆ, ಬಾತ ಬೆರಳಿನಲ್ಲಿ, ಬೆಳ್ಳಿ ಕೊರೆದು ಹುಣ್ಣಾದದ್ದು ಸಿಕ್ಕಿತು. ತಾಯಿಗೆ ನೋವೇ ಇರಲಿಲ್ಲ.

ನಾವು ಆಕೆಗೆ ಹೇಳಿದ್ದು ಇಷ್ಟು. ನಮ್ಮ ಧರ್ಮದಲ್ಲಿ ಗಂಡಸಿಗೊಂದು ಲಿಂಗ, ಹೆಂಗಸಿಗೊಂದು ಲಿಂಗವೆಂದು ಗುರು ಕೊಡುವುದಿಲ್ಲ. ನಿನ್ನ ಕೊರಳಲ್ಲಿರುವ ಇಷ್ಟಲಿಂಗವೇ ಅವರ ಕೊರಳಲ್ಲಿಯೂ ಇದೆ. ಲಿಂಗ ಧರಿಸಿದ ದೇಹ ಗುಡಿ. ಗುಡಿಯ ಅಡಿಗಲ್ಲು ಬಿರುಕು ಬಿಟ್ಟಿದೆಯೋ ಎಂದು ಭಕ್ತನೊಬ್ಬ ದೀಪ ಹಿಡಿದು ನೋಡಿದರೆ ಯಾರಿಗೆ ಪಾಪ? ಜಂಗಮರ ಪಾದ ತೊಳೆಯುವ ಕೈ ಹೆಂಡತಿಯ ಪಾದ ಹಿಡಿದರೆ ಆ ಕೈಗೇನು ಕಡಿಮೆಯಾಗುವುದಿಲ್ಲ. "ಹಂಗಾದ್ರ ನಾನೂ ಅವರ ಕಾಲ ನೋಡ್ಲೇನ್ರಿ?" ಎಂದರು. ನೋಡಲೇಬೇಕು ಎಂದೆವು.

ಕಾಲಿನ ಮಾತು ಬಂತೆಂದು ಇನ್ನಷ್ಟು. ವಿಭೂತಿಯನ್ನು ಹಣೆಗೆ ಹಚ್ಚಿರಿ, ಗಾಯಕ್ಕೆ ಹಚ್ಚಬೇಡಿರಿ. ಸುಣ್ಣ, ಅರಿಷಿಣವೂ ಬೇಡ. ಗಾಯ ಕಂಡ ದಿನವೇ ದವಾಖಾನೆ. ಆಣಿಯನ್ನು ಬ್ಲೇಡಿನಿಂದ ಕೊಯ್ದುಕೊಳ್ಳಬೇಡಿರಿ. ಬಿಸಿನೀರಿಗೆ ಕಾಲಿಡುವ ಮೊದಲು ಜೊತೆಯವರು ಮೊಣಕೈ ಹಾಕಿ ನೋಡಲಿ. ಯುಗಾದಿಯ ಮುಂದೆ ಈ ಭಾಗದಿಂದ ಶ್ರೀಶೈಲ ಮಲ್ಲಯ್ಯನ ಕಡೆ ಪಾದಯಾತ್ರೆ ಹೊರಡುವವರು ಸಾವಿರಾರು, ಬರಿಗಾಲಲ್ಲಿ ಹೋಗುವ ಹರಕೆಯವರೂ ಅದರಲ್ಲಿ ಬಹಳ. ಸಕ್ಕರೆ ರೋಗವಿದ್ದವರಿಗೆ ಬರಿಗಾಲಿನ ಹರಕೆಯನ್ನು ನಾವು ಬಿಡಿಸುತ್ತೇವೆ. ಮಲ್ಲಯ್ಯ ನಿಮ್ಮ ಭಕ್ತಿ ನೋಡುತ್ತಾನೆ, ಚಪ್ಪಲಿ ಎಣಿಸುವುದಿಲ್ಲ. ವೈದ್ಯರು ಹೋಗಬಹುದೆಂದರೆ ಮೆತ್ತನೆಯ ಪಾದರಕ್ಷೆ ಹಾಕಿಕೊಂಡು ಹೋಗಿರಿ. ಬೇಡವೆಂದರೆ ಮೋಟಾರಿನಲ್ಲಿ ಹೋಗಿ ದರ್ಶನ ಮಾಡಿರಿ.

ಉಪವಾಸದ ವಿಷಯದಲ್ಲಿಯೂ ಹೀಗೆಯೇ. ಶ್ರಾವಣ ಸೋಮವಾರದ ಒಪ್ಪತ್ತು, ಶಿವರಾತ್ರಿಯ ನಿರಾಹಾರ, ಇವನ್ನು ತಲೆತಲಾಂತರದಿಂದ ಮಾಡಿಕೊಂಡು ಬಂದವರು ನೀವು. ಆದರೆ ಇನ್ಸುಲಿನ್ ಸೂಜಿ ಮತ್ತು ಕೆಲವು ಗುಳಿಗೆಗಳು ಊಟ ತಪ್ಪಿದರೆ ಸಕ್ಕರೆಯನ್ನು ತೀರ ಕೆಳಗಿಳಿಸುತ್ತವೆ. ಮೈ ಬೆವರುತ್ತದೆ, ಕೈ ನಡುಗುತ್ತದೆ, ಎದೆ ಬಡಿದುಕೊಳ್ಳುತ್ತದೆ, ಮಾತು ತೊದಲುತ್ತದೆ. ಕೆಲವರಿಗೆ ಕಾರಣವಿಲ್ಲದೆ ಸಿಟ್ಟು ಬರುತ್ತದೆ. ಇವರಿಗೆ ಇಂದು ಏನಾಯಿತು, ಕುಡಿದವರ ಹಾಗೆ ಆಡುತ್ತಾರಲ್ಲ ಎಂದು ಜಗಳಕ್ಕೆ ನಿಲ್ಲಬೇಡಿರಿ, ಮೊದಲು ಸಕ್ಕರೆ ನೋಡಿರಿ. ನೋಡಲು ಯಂತ್ರವಿಲ್ಲದಿದ್ದರೆ ಕಾಯಬೇಡಿರಿ. ಎಚ್ಚರವಿದ್ದರೆ ಮೂರು ಚಹಾ ಚಮಚೆ ಸಕ್ಕರೆ ನೀರಲ್ಲಿ ಕಲಸಿ ಕುಡಿಸಿರಿ. ಕಾಲು ಗಂಟೆಯಲ್ಲಿ ಚೇತರಿಸದಿದ್ದರೆ ಮತ್ತೊಮ್ಮೆ ಕುಡಿಸಿ, ಚೇತರಿಸಿದ ಮೇಲೆ ಊಟಕ್ಕೆ ಹಾಕಿರಿ. ಎಚ್ಚರ ತಪ್ಪಿದ್ದರೆ ಬಾಯಲ್ಲಿ ಹನಿ ನೀರನ್ನೂ ಹಾಕದೆ ಮಗ್ಗುಲಾಗಿ ಮಲಗಿಸಿ, 108ಕ್ಕೆ ಕರೆ ಮಾಡಿರಿ. ಈ ಒಂದು ಪ್ರಸಂಗದಲ್ಲಿ ಮಾತ್ರ ಸಕ್ಕರೆ ಔಷಧ. ಹೊಲಕ್ಕೆ ಹೋಗುವ ಯಜಮಾನರ ಅಂಗಿಯ ಕಿಸೆಯಲ್ಲಿ ಒಂದು ಪುಡಿಕೆ ಸಕ್ಕರೆ ಕಟ್ಟಿ ಇಟ್ಟು ಕಳಿಸುವುದೂ ಮನೆಯವರ ಕೆಲಸ.

ಇನ್ನೊಂದನ್ನು ಯಾವ ಡಾಕ್ಟರರೂ ಹೇಳಿದ್ದು ನಾವು ಕೇಳಿಲ್ಲ, ಏಕೆಂದರೆ ಅದು ನಮ್ಮ ಮನೆಗಳದ್ದು. ಲಿಂಗಪೂಜೆಯಾಗದೆ ಬಾಯಿಗೆ ಅನ್ನವಿಡದ ಹಿರಿಯರು ಊರೂರಿಗೆ ಇದ್ದಾರೆ. ಅಂಥವರಲ್ಲಿ ಕೆಲವರು ಬೆಳಿಗ್ಗೆ ಸೂಜಿ ಚುಚ್ಚಿಕೊಂಡು ಪೂಜೆಗೆ ಕೂಡ್ರುತ್ತಾರೆ. ಪೂಜೆ ಒಂದು ತಾಸು, ಮಂತ್ರ, ಸ್ತೋತ್ರ ಇನ್ನರ್ಧ ತಾಸು, ಅಷ್ಟರಲ್ಲಿ ಕಣ್ಣು ಕತ್ತಲೆ. ಪೂಜೆ ಮೊದಲು ಆಗಲಿ. ಪೂಜೆ ಮುಗಿದು ತಾಟು ಮುಂದೆ ಬಂದ ಮೇಲೆ ಸೂಜಿ. ಸೂಜಿಗೂ ಊಟಕ್ಕೂ ಎಷ್ಟು ಹೊತ್ತಿನ ಅಂತರವೆಂಬುದನ್ನು ಡಾಕ್ಟರರನ್ನು ಕೇಳಿ, ಮನೆಯವರು ಗಡಿಯಾರ ನೋಡಿಕೊಳ್ಳಲಿ. ಲಕ್ಕಮ್ಮ ವೇಳೆ ನೆನಪು ಮಾಡಿದ್ದು ಇದೇ ರೀತಿ.

ಸೂಜಿ ಎಂದರೆ ಕೊನೆಗೆ ಬಂತೆಂದು ಅಳುವವರಿದ್ದಾರೆ. 1922ರ ಜನವರಿಯಲ್ಲಿ ಟೊರೊಂಟೊ ನಗರದ ಆಸ್ಪತ್ರೆಯಲ್ಲಿ ಲಿಯೋನಾರ್ಡ್ ಥಾಮ್ಸನ್ ಎಂಬ ಹದಿನಾಲ್ಕು ವರ್ಷದ ಹುಡುಗನಿಗೆ ಮೊಟ್ಟಮೊದಲು ಇನ್ಸುಲಿನ್ ಕೊಟ್ಟರು. ಅದಕ್ಕೂ ಮುಂಚೆ ಅಂಥ ಮಕ್ಕಳನ್ನು ಹಸಿವಿನಲ್ಲಿಟ್ಟು ಒಂದಿಷ್ಟು ದಿನ ಉಳಿಸಿಕೊಳ್ಳುವುದೇ ಚಿಕಿತ್ಸೆಯಾಗಿತ್ತು. ಸಾಯಲಿದ್ದ ಆ ಹುಡುಗ ಮತ್ತೆ ಹದಿಮೂರು ವರ್ಷ ಬದುಕಿದ. ಔಷಧ ಕಂಡುಹಿಡಿದವರು ಅದರ ಹಕ್ಕನ್ನು ಮರುವರ್ಷ ಅಲ್ಲಿಯ ವಿಶ್ವವಿದ್ಯಾಲಯಕ್ಕೆ ಒಂದೊಂದು ಡಾಲರಿಗೆ ಬಿಟ್ಟುಕೊಟ್ಟರು. ನಮ್ಮ ಭಾಷೆಯಲ್ಲಿ ಅದಕ್ಕೆ ದಾಸೋಹ ಎನ್ನುತ್ತೇವೆ. ಫ್ರಿಜ್ ಇಲ್ಲದ ಮನೆಯವರು ನಮ್ಮ ಬೇಸಿಗೆಯಲ್ಲಿ ಆ ಶೀಸೆಯನ್ನು ಕಿಟಕಿಯಲ್ಲಿಡದೆ, ಒಂದು ಮಣ್ಣಿನ ಮಡಕೆಯೊಳಗೆ ಇನ್ನೊಂದು ಸಣ್ಣ ಮಡಕೆಯಿಟ್ಟು, ನಡುವೆ ಒದ್ದೆ ಮರಳು ತುಂಬಿ, ಒಳಗಿನ ಮಡಕೆಯಲ್ಲಿ ನೀರು ತಾಗದಂತೆ ಇಟ್ಟುಕೊಳ್ಳಬಹುದು. ಕಣ್ಣು, ಮೂತ್ರಪಿಂಡಗಳ ಪರೀಕ್ಷೆ ವರ್ಷಕ್ಕೊಮ್ಮೆ ಆಗಬೇಕು. ಮೂರು ತಿಂಗಳ ಸರಾಸರಿ ಹೇಳುವ ರಕ್ತಪರೀಕ್ಷೆಯೂ ಇದೆ, ಅದರ ಚೀಟಿಯನ್ನು ಪಂಚಾಂಗದ ಜೊತೆ ಕಟ್ಟಿಡಿರಿ.

ಇನ್ನು ಯಜಮಾನರು ಕೇಳಿದ ಪ್ರಶ್ನೆ ಉಳಿದಿದೆ. ಪ್ರಸಾದಕ್ಕೆ ಬೇಡವೆಂದರೆ ಪಾಪವೇ? ಪ್ರಸಾದವೆಂದರೆ ಪ್ರಸನ್ನತೆ. ಅದು ತೂಕದಲ್ಲಿಲ್ಲ. ಒಂದು ಅಗುಳನ್ನು ಕಣ್ಣಿಗೊತ್ತಿಕೊಂಡು ಸ್ವೀಕರಿಸಿದರೂ ಪ್ರಸಾದವೇ. ಎಲೆಯಲ್ಲಿ ಹಾಕಿಸಿಕೊಂಡು ಬಿಡುವುದು ತಪ್ಪು, ಮೊದಲೇ ಸಾಕೆನ್ನುವುದು ತಪ್ಪಲ್ಲ. ಮೂರನೆಯ ಸೌಟನ್ನು ಒತ್ತಾಯಿಸಿ ಹಾಕಿಸಿದ ತಪ್ಪು ನಮ್ಮದು. ಆ ಶ್ರಾವಣದಿಂದೀಚೆಗೆ ನಾವು ಹೋದಲ್ಲೆಲ್ಲ ಬಡಿಸುವ ಹುಡುಗರಿಗೆ ಒಂದು ಮಾತು ಹೇಳುತ್ತೇವೆ. ಹುಗ್ಗಿ ಅರ್ಧ ಸೌಟು, ಕೇಳಿದವರಿಗೆ ಮಾತ್ರ ಎರಡನೆಯ ಸಾರಿ, ಯಾರಾದರೂ ಎಲೆಯ ಮೇಲೆ ಕೈ ಅಡ್ಡ ಹಿಡಿದರೆ ಕಾರಣ ಕೇಳದೆ ಮುಂದೆ ಹೋಗಬೇಕು. ಅಡಿಗೆಯವರಿಗೂ ಹೇಳಿ ಪಂಕ್ತಿಗೆ ಮಡಕಿಕಾಳಿನ ಪಲ್ಯ ಹೆಚ್ಚು ಮಾಡಿಸಿದ್ದೇವೆ. ಕೆಲವು ಹಿರಿಯರಿಗೆ ಇದು ಸೇರಿಲ್ಲ, ಮಠದ ಕೈ ಸಣ್ಣದಾಯಿತೆಂದು ಆಡಿಕೊಂಡದ್ದೂ ನಮ್ಮ ಕಿವಿಗೆ ಬಿದ್ದಿದೆ.

ಹುನ್ನೂರಿನ ದಂಪತಿಗಳು ಕಳೆದ ಅಮಾವಾಸ್ಯೆಗೆ ಬಂದಿದ್ದರು. ತಾಯಿಯ ಕಾಲಿನ ಹುಣ್ಣು ಮಾಯುತ್ತ ಬಂದಿದೆ. ಕಾಲುಂಗುರವನ್ನು ಪತ್ತಾರರ ಕೈಯಲ್ಲಿ ಕತ್ತರಿಸಿ ತೆಗೆಸಿದ್ದಾರೆ. ಮುತ್ತೈದೆ ಕಾಲುಂಗುರ ತೆಗೆಯಬಾರದೆಂದು ಆಕೆ ಮೂರು ದಿನ ಅತ್ತಿದ್ದರಂತೆ. ಯಜಮಾನರು ಅದಕ್ಕೊಂದು ದಾರಿ ಹುಡುಕಿದ್ದರು. "ಅಜ್ಜಾರ, ಕಾಲು ಪೂರ್ತಿ ಮಾಯೂ ತನಕ ಅದನ್ನ ದೇವರ ಜಗಲಿ ಮ್ಯಾಲ ಇಟ್ಟೇನ್ರಿ, ದಿನಾ ನಾನ ವಿಭೂತಿ ಹಚ್ಚತೇನಿ. ನಡೀತೈತಲ್ರಿ?" ಎಂದು ಕೇಳಿದರು. ಬೆಲ್ಲದ ಡಬ್ಬಿಯ ಕೀಲಿಯೂ ಅದರ ಪಕ್ಕದಲ್ಲಿಯೇ ಇದೆಯಂತೆ. ಡಬ್ಬಿಗೆ ಹಾಕಿಲ್ಲ.